ಒಂದು ಟೆಸ್ಟ್, ಐದು ರನ್



ಎಲ್ಲೋರಕ್ಕೆ ಹೋಗಿ ಬಂದ ಕನ್ನಡಿಗರು ಕೈಲಾಸನಾಥನ ಗುಡಿಯನ್ನೂ ಅದನ್ನು ಕಡೆಸಿದ ರಾಷ್ಟ್ರಕೂಟರ ಕೃಷ್ಣನನ್ನೂ ನೆನೆಯುತ್ತಾರೆ. ಅದು ಸರಿಯೇ. ಆದರೆ ಎಲ್ಲೋರಕ್ಕೆ ಹತ್ತಿರದ ಆ ಊರು, 2023ರವರೆಗೆ ಔರಂಗಾಬಾದ್ ಎನ್ನಿಸಿಕೊಂಡಿದ್ದ ಇಂದಿನ ಛತ್ರಪತಿ ಸಂಭಾಜಿನಗರ, ನನಗೆ ಮೊದಲು ನೆನಪಿಸುವುದು ಒಬ್ಬ ಬೌಲರನ್ನು. ಅವರ ಹೆಸರು ಇಕ್ಬಾಲ್ ಸಿದ್ದಿಕಿ. ಹುಟ್ಟಿದ್ದು 1974ರ ಡಿಸೆಂಬರ್ 26ರಂದು, ಅದೇ ಊರಿನಲ್ಲಿ.

ಹೆಸರು ಥಟ್ಟನೆ ನೆನಪಾಗಲಿಲ್ಲವೇ? ತಪ್ಪು ನಿಮ್ಮದಲ್ಲ. ಅವರು ಭಾರತಕ್ಕೆ ಆಡಿದ್ದು ಒಂದೇ ಒಂದು ಟೆಸ್ಟ್.

2001ರ ಡಿಸೆಂಬರ್ 6, ಗುರುವಾರ. ನಾನು ಆಗ ಹೈಸ್ಕೂಲು ಹುಡುಗ. ಜ್ವರದ ನೆಪದಲ್ಲಿ ಶಾಲೆ ತಪ್ಪಿಸಿ ಅಪ್ಪನ ಹೊಲಿಗೆ ಅಂಗಡಿಯಲ್ಲಿ ಕುಳಿತಿದ್ದೆ. ಟ್ರಾನ್ಸಿಸ್ಟರ್‌ನಲ್ಲಿ ಮೊಹಾಲಿಯ ಕಾಮೆಂಟರಿ ಬರುತ್ತಿತ್ತು. ಇಂಗ್ಲೆಂಡ್ ಮೊದಲು 238, ನಾವು 469. ಎರಡನೇ ಸರದಿಯಲ್ಲಿ ನಮ್ಮ ಅನಿಲ್ ಕುಂಬ್ಳೆ 81 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 235ಕ್ಕೆ ಮುಗಿಸಿದ್ದರು. ಗೆಲ್ಲಲು ಬೇಕಾದದ್ದು ಬರೀ 5 ರನ್. ದೀಪ್ ದಾಸ್‌ಗುಪ್ತಾ ಜೊತೆ ಇನಿಂಗ್ಸ್ ಆರಂಭಿಸಲು ಬಂದವರು ಸಿದ್ದಿಕಿ!

ಅಪ್ಪ ಹೊಲಿಗೆ ಯಂತ್ರ ನಿಲ್ಲಿಸಿ, "ಅಲ್ಲಲೇ, ಬೌಲಿಂಗ್ ಮಾಡಾಂವನ್ನ ಮೊದಲ ಕಳಿಸ್ಯಾರಲ್ಲೋ!" ಎಂದರು. ಅವರು ಮತ್ತೆ ಪೆಡಲ್ ತುಳಿಯುವಷ್ಟರಲ್ಲಿ ಪಂದ್ಯ ಮುಗಿದಿತ್ತು. ಐದಕ್ಕೆ ಐದೂ ರನ್ ಸಿದ್ದಿಕಿಯವರವೇ.

ಆ ಪಂದ್ಯದಲ್ಲಿ ನಮ್ಮ ಮೈಸೂರಿನ ಶ್ರೀನಾಥ್ ಇರಲಿಲ್ಲ. ಹೊಸ ಚೆಂಡು ಹಿಡಿದವರು ಇಬ್ಬರು ಹೊಸಬರು, ಕೇರಳದ ಟಿನು ಯೋಹನ್ನಾನ್ ಮತ್ತು ಮಹಾರಾಷ್ಟ್ರದ ಸಿದ್ದಿಕಿ. ಸಿದ್ದಿಕಿಗೆ ಸಿಕ್ಕ ಒಂದೇ ವಿಕೆಟ್ ಗ್ರಹಾಂ ಥೋರ್ಪ್ ಅವರಂಥ ಒಳ್ಳೆಯ ಬ್ಯಾಟ್ಸ್‌ಮನ್ನರದು. ಮೊದಲ ಸರದಿಯಲ್ಲಿ ಬ್ಯಾಟಿನಿಂದ 24 ರನ್ನೂ ಬಂದವು. ಒಂದೇ ಟೆಸ್ಟಿನಲ್ಲಿ ಬೌಲಿಂಗನ್ನೂ ಬ್ಯಾಟಿಂಗನ್ನೂ ಆರಂಭಿಸಿ, ಗೆಲುವಿನ ರನ್ನನ್ನೂ ಹೊಡೆದವರು ಎಷ್ಟು ಜನರಿದ್ದಾರು?

ಅಹಮದಾಬಾದಿನ ಮುಂದಿನ ಟೆಸ್ಟಿಗೆ ಶ್ರೀನಾಥ್ ಮರಳಿದರು. ಸಿದ್ದಿಕಿ ಹೊರಗುಳಿದರು. ಮತ್ತೆ ಕರೆ ಬರಲಿಲ್ಲ. ಅದೇ ಸರಣಿಯ ಬೆಂಗಳೂರು ಟೆಸ್ಟಿನಲ್ಲಿ ಕುಂಬ್ಳೆ 300ನೇ ವಿಕೆಟ್ ಪಡೆದರು. ಅವರ ಲೆಕ್ಕ ಕೊನೆಗೆ ನಿಂತದ್ದು 132 ಟೆಸ್ಟ್, 619 ವಿಕೆಟ್. ಸಿದ್ದಿಕಿಯವರದು 1 ಟೆಸ್ಟ್, 1 ವಿಕೆಟ್. ಮೊಹಾಲಿಯ ಆ ದಿನ ಇಬ್ಬರೂ ಒಂದೇ ಡ್ರೆಸಿಂಗ್ ರೂಮಿನಲ್ಲಿದ್ದರು, ಒಂದೇ ಗೆಲುವನ್ನು ಹಂಚಿಕೊಂಡಿದ್ದರು.

"ಪಾಪ, ಒಂದೇ ಟೆಸ್ಟ್" ಎನ್ನುತ್ತೇವೆ. ಅಮೆರಿಕದ ಬೇಸ್‌ಬಾಲಿನಲ್ಲೂ ಇಂಥ ಒಬ್ಬರಿದ್ದರು, ಆರ್ಚಿ ಗ್ರಹಾಂ. 1905ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಒಂದೇ ಪಂದ್ಯ ಆಡಿದರು, ಅದೂ ಫೀಲ್ಡರನಾಗಿ. ಬ್ಯಾಟ್ ಹಿಡಿಯುವ ಸರದಿ ಬರಲೇ ಇಲ್ಲ. ಮುಂದೆ ಮಿನೆಸೋಟದ ಒಂದು ಸಣ್ಣ ಗಣಿ ಊರಿನಲ್ಲಿ ವೈದ್ಯರಾಗಿ ದಶಕಗಳ ಕಾಲ ಜನರ ಸೇವೆ ಮಾಡಿದರು. ಪಾಪ ಎನ್ನಬೇಕೇ ಅವರಿಗೆ?

ಸಿದ್ದಿಕಿಯವರ ಆ ಒಂದು ಟೆಸ್ಟಿನ ಹಿಂದೆ ಮುಂದೆ ವರ್ಷಗಟ್ಟಲೆ ದೇಶೀಯ ಕ್ರಿಕೆಟ್ ಇದೆ. ಪ್ರಥಮ ದರ್ಜೆಯಲ್ಲಿ 300ಕ್ಕೂ ಹೆಚ್ಚು ವಿಕೆಟ್ ಇದೆ. ಖಾಲಿ ಗ್ಯಾಲರಿ, ಬಿರುಬಿಸಿಲು, ಚೆಂಡು ಪುಟಿಯದ ಪಿಚ್, ದಿನಕ್ಕೆ ಇಪ್ಪತ್ತು ಓವರ್. ಮಾರನೆಯ ದಿನದ ಪತ್ರಿಕೆಯಲ್ಲಿ ಎರಡು ಸಾಲು. ರಣಜಿ ಬೌಲರನ ಬಾಳು ಅಂದರೆ ಇದು.

ಕಳೆದ ವರ್ಷ ಬಂಧುಗಳ ಮದುವೆಗೆಂದು ನಾಸಿಕಕ್ಕೆ ಹೋಗಿದ್ದೆ. ಬೆಳಿಗ್ಗೆ ಹುತಾತ್ಮ ಅನಂತ ಕಾನ್ಹೇರೆ ಮೈದಾನದ ಕಡೆ ನಡೆದೆ. ಔರಂಗಾಬಾದಿನಲ್ಲಿ ಓದಿ, 1909ರಲ್ಲಿ ನಾಸಿಕದ ಕಲೆಕ್ಟರ್ ಜಾಕ್ಸನ್‌ನನ್ನು ಕೊಂದು, ಮರುವರ್ಷ ಗಲ್ಲಿಗೇರಿದ ತರುಣನ ಹೆಸರು ಅದು. ಮಹಾರಾಷ್ಟ್ರದ ರಣಜಿ ಪಂದ್ಯಗಳು ನಡೆಯುವ ಮೈದಾನ. ಒಬ್ಬ ಹುಡುಗ ಒಬ್ಬನೇ ಒಂದು ಸ್ಟಂಪ್ ನೆಟ್ಟು ಚೆಂಡೆಸೆಯುತ್ತಿದ್ದ. ಎಸೆದ ಚೆಂಡನ್ನು ತಾನೇ ಹೆಕ್ಕಿ ತಂದು ಮತ್ತೆ ಓಡಿ ಬರುತ್ತಿದ್ದ. ನೋಡುವವನು ನಾನೊಬ್ಬನೇ. ನಾನಿದ್ದೇನೆಂಬುದೂ ಅವನಿಗೆ ಗೊತ್ತಿರಲಿಲ್ಲ.

ನಾನಿಲ್ಲಿ ಸಾಂದರ್ಭಿಕ ಉದ್ಘೋಷಕ. ತಿಂಗಳಿಗೆ ಬೆರಳೆಣಿಕೆಯ ಡ್ಯೂಟಿ. ಅಪ್ಪ ಈಗಿಲ್ಲ. ಅಂಗಡಿ ನೋಡಿಕೊಳ್ಳುವ ತಮ್ಮ, "ಸಾಕು ಬಾರಣ್ಣ, ಆ ಅರ್ಧ ತಾಸಿನ ಕನ್ನಡ ಯಾರು ಕೇಳ್ತಾರ?" ಎಂದು ಫೋನಿನಲ್ಲಿ ಕೇಳುತ್ತಾನೆ. ಅವನದು ಪ್ರೀತಿಯ ಮಾತು. ಅವನಿಗಿನ್ನೂ ಉತ್ತರ ಕೊಟ್ಟಿಲ್ಲ. ಆದರೆ ಆ ಹುಡುಗನನ್ನು ನೋಡಿ ಬಂದ ಮೇಲೆ ಡ್ಯೂಟಿಯ ದಿನ ಅರ್ಧ ಗಂಟೆ ಮೊದಲೇ ಸ್ಟುಡಿಯೋಗೆ ಬಂದು ಸ್ಕ್ರಿಪ್ಟನ್ನು ಎರಡು ಸಲ ಓದಿಕೊಳ್ಳುತ್ತಿದ್ದೇನೆ.

ಅವಕಾಶ ಎಷ್ಟು ಸಲ ಬರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಬಂದ ದಿನ ತೋಳು ಸಿದ್ಧವಿರಬೇಕು, ಅಷ್ಟೇ. ಸಿದ್ದಿಕಿಯವರ ತೋಳು ಸಿದ್ಧವಿತ್ತು. ಐದು ರನ್ ಬೇಕಿತ್ತು, ಐದೂ ಹೊಡೆದು ಬಂದರು.

ಮುಂದಿನ ವಾರ ಮತ್ತೆ ಸಿಗೋಣ. ಅಲ್ಲಿಯವರೆಗೆ, ನಮಸ್ಕಾರ.