ತಕ್ಕಡಿ ಹಿಡಿಯುವ ಕೈ

(ನರೇಗಲ್ಲಿನ ಸಭೆಯೊಂದರಲ್ಲಿ ಮಾಡಿದ ಭಾಷಣದ ಸಾರ)



ಝಕಾತ್ ಸಂಗ್ರಹಕ್ಕೆ ಹೋಗಿದ್ದ ಅಧಿಕಾರಿಯೊಬ್ಬರು ಮರಳಿ ಬಂದು, ಇದು ನಿಮಗೆ ಸೇರಿದ್ದು, ಇದು ನನಗೆ ಬಂದ ಉಡುಗೊರೆ ಎಂದಾಗ ಪ್ರವಾದಿ(ಸ)ರು ಕೋಪಗೊಂಡರು. ತಂದೆತಾಯಿಯರ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಅವರನ್ನು ಹುಡುಕಿಕೊಂಡು ಬರುತ್ತಿತ್ತೇ ಎಂದು ಕೇಳಿದರು. ಅಧಿಕಾರದ ಶುದ್ಧಿಯನ್ನು ಅಳೆಯಲು ಇಂದಿಗೂ ಇದಕ್ಕಿಂತ ನೇರವಾದ ಪ್ರಶ್ನೆಯಿಲ್ಲ. ಖಲೀಫಾ ಉಮರ್(ರ)ರು ರಾಜ್ಯಪಾಲರುಗಳ ಮೇಲಿನ ದೂರುಗಳ ತನಿಖೆಗೆ ಮುಹಮ್ಮದ್ ಬಿನ್ ಮಸ್ಲಮ(ರ)ರನ್ನು ಕಳುಹಿಸುತ್ತಿದ್ದರು. ತನಿಖೆ ಮಾಡುವವನು ಆರೋಪಿಯ ಋಣದಲ್ಲಿರಬಾರದು ಎಂಬ ತತ್ವ ಅದರಲ್ಲಿದೆ.

ನಮ್ಮ ರಾಜ್ಯದಲ್ಲಿ ಈ ತತ್ವಕ್ಕೆ ರೂಪ ಕೊಟ್ಟದ್ದು 1984ರ ಲೋಕಾಯುಕ್ತ ಕಾಯ್ದೆ. ಲೋಕಾಯುಕ್ತರು ಶಾಸಕರಾಗಿರಬಾರದು, ಪಕ್ಷದ ನಂಟು ಇರಬಾರದು, ನಿವೃತ್ತಿಯ ಬಳಿಕ ರಾಜ್ಯ ಸರಕಾರದ ಲಾಭದಾಯಕ ಹುದ್ದೆ ಸ್ವೀಕರಿಸಬಾರದು ಎಂದು ಅದು ವಿಧಿಸಿದೆ. ನೇಮಕಕ್ಕೆ ಮುನ್ನ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಹಾಗೂ ವಿರೋಧ ಪಕ್ಷದ ನಾಯಕರೊಂದಿಗೆ ಸಮಾಲೋಚನೆ ಕಡ್ಡಾಯ. ಮುಖ್ಯ ನ್ಯಾಯಮೂರ್ತಿಗಳೊಂದಿಗೆ ಅರ್ಥಪೂರ್ಣ ಸಮಾಲೋಚನೆ ನಡೆದಿಲ್ಲವೆಂದು 2013ರಲ್ಲಿ ಸುಪ್ರೀಮ್ ಕೋರ್ಟ್ ಉಪಲೋಕಾಯುಕ್ತರೊಬ್ಬರ ನೇಮಕದ ರದ್ದತಿಯನ್ನೇ ಎತ್ತಿಹಿಡಿಯಿತು.

ಆದರೆ ಕಾಯ್ದೆ ಕಾಗದದಲ್ಲಿ ನಿಂತರೆ ಸಾಲದು, ಅದನ್ನು ನಡೆಸುವ ಕೈಗಳು ಬೇಕು. ಲೋಕಾಯುಕ್ತದ ಪೊಲೀಸರು ಬರುವುದು ರಾಜ್ಯ ಪೊಲೀಸ್ ಇಲಾಖೆಯಿಂದ ಎರವಲು ಸೇವೆಯ ಮೇಲೆ, ಮರಳುವುದೂ ಅಲ್ಲಿಗೇ. ಇಂದು ಯಾರ ಮನೆ ಶೋಧಿಸಬೇಕೋ ನಾಳೆ ಅವರೇ ವರ್ಗಾವಣೆ ಪತ್ರಕ್ಕೆ ಸಹಿ ಹಾಕುವವರಾದರೆ ಶೋಧಿಸುವ ಕೈ ನಡುಗದೇ? ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಸರಕಾರದ ಅಸಹಕಾರದಿಂದ ಬೇಸತ್ತು 2010ರಲ್ಲಿ ರಾಜೀನಾಮೆ ಕೊಟ್ಟು, ಬಳಿಕ ಹಿಂಪಡೆದರು. 2011ರ ಜುಲೈಯಲ್ಲಿ ಅವರ ಗಣಿ ವರದಿ ಮುಖ್ಯಮಂತ್ರಿಯ ಕುರ್ಚಿಯನ್ನೇ ಅಲುಗಾಡಿಸಿತು. ಆ ನಂತರ ಬಂದವರು ನಿವೇಶನ ವಿವಾದದಿಂದ ಕೆಲವೇ ವಾರಗಳಲ್ಲಿ ಹೊರನಡೆದರು. ಹುದ್ದೆ 2013ರವರೆಗೆ ಖಾಲಿ ಉಳಿಯಿತು. 2015ರಲ್ಲಂತೂ ಸುಲಿಗೆಯ ಆರೋಪದಲ್ಲಿ ಆಗಿನ ಲೋಕಾಯುಕ್ತರ ಪುತ್ರನ ಬಂಧನವಾಯಿತು. ಬೇಲಿಯ ಮೇಲೆಯೇ ಹೊಲ ಮೇಯ್ದ ಆರೋಪ ಬಂತು!

ಅದಕ್ಕೆ ಮದ್ದು ಬೇಲಿಯನ್ನು ಗಟ್ಟಿಗೊಳಿಸುವುದಾಗಿತ್ತು. ಸರಕಾರ ಮಾಡಿದ್ದೇನು? 2016ರಲ್ಲಿ ಮುಖ್ಯಮಂತ್ರಿಯ ಅಧೀನದ ಭ್ರಷ್ಟಾಚಾರ ನಿಗ್ರಹ ದಳವನ್ನು ಸ್ಥಾಪಿಸಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತುಕೊಂಡಿತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ದಳವನ್ನು ರದ್ದುಗೊಳಿಸಿ ಅಧಿಕಾರವನ್ನು ಮರಳಿಸಿತು. ಈ ಏಳುಬೀಳಿನಲ್ಲಿ ಆಡಳಿತ ನಡೆಸಿದ ಯಾವ ಪಕ್ಷವೂ ನಿರ್ದೋಷಿಯಲ್ಲ.

ಸಹೋದರರೇ, ಸರಕಾರವನ್ನು ಪ್ರಶ್ನಿಸುವ ನಾವು ನಮ್ಮ ಅಂಗಳವನ್ನೂ ನೋಡೋಣ. ಖಜಾಂಚಿಯ ಲೆಕ್ಕವನ್ನು ಅವನ ಭಾವಮೈದುನನೇ ತಪಾಸಣೆ ಮಾಡುವ ಜಮಾಅತ್‌ಗಳು ನಮ್ಮಲ್ಲಿ ಇಲ್ಲವೇ? ವಕ್ಫ್ ಅಂಗಡಿಯ ಬಾಡಿಗೆ ನಿಗದಿಪಡಿಸುವ ಸಭೆಯಲ್ಲಿ ಬಾಡಿಗೆದಾರನೇ ಕುಳಿತಿರುವುದಿಲ್ಲವೇ? ನ್ಯಾಯಕ್ಕಾಗಿ ಸ್ವತಃ ನಮ್ಮ ವಿರುದ್ಧ, ಬಂಧುಗಳ ವಿರುದ್ಧವೂ ಸಾಕ್ಷಿ ನಿಲ್ಲಬೇಕೆಂಬುದು ಕುರ್‌ಆನಿನ ಆದೇಶ. ಹಾಗಿರುವಾಗ ನಾವು ಇಷ್ಟನ್ನಾದರೂ ಮಾಡೋಣ: ಲೆಕ್ಕ ನೋಡುವವರು ಸಮಿತಿಯ ಹೊರಗಿನವರಾಗಿರಲಿ, ಸಂಬಂಧವಿರುವ ವಿಷಯ ಬಂದಾಗ ಸದಸ್ಯರು ಎದ್ದು ಹೊರನಡೆಯಲಿ, ವರ್ಷದ ಲೆಕ್ಕ ಮಸೀದಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣಲಿ.

ಲಂಚ ಕೇಳಿದಾಗ ಲೋಕಾಯುಕ್ತಕ್ಕೆ ದೂರು ಕೊಡುವ ಧೈರ್ಯ ನಮಗಿರಲಿ. ಆ ಧೈರ್ಯಕ್ಕೆ ಬಲ ಬರುವುದು ನಮ್ಮ ತಕ್ಕಡಿ ನೆಟ್ಟಗಿದ್ದಾಗ ಮಾತ್ರ. ಅಲ್ಲಾಹನು ನಮಗೆಲ್ಲ ಅದಕ್ಕೆ ಶಕ್ತಿ ನೀಡಲಿ.