ಅಂಗೈಗಣಕದೊಳಗಿನ ದೂರವಾಣಿ

ಇಂದು ನಾವು ಮೊಬೈಲು ಎಂದು ಕರೆಯುವುದು ನಿಜಕ್ಕೂ ಅಂಗೈಯಲ್ಲಿ ಹಿಡಿಸುವ ಗಣಕಯಂತ್ರ. ದೂರವಾಣಿ ಅದರ ಹತ್ತಾರು ಕೆಲಸಗಳಲ್ಲಿ ಒಂದು ಮಾತ್ರ. ಬೆಂಗಳೂರಿನ ವಿಜ್ಞಾನಿಗಳ ಕಲ್ಪನೆಯಿಂದ ಹುಟ್ಟಿ, ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಲ್ಲಿ ತಯಾರಾಗಿ, 2004ರಲ್ಲಿ ಮಾರುಕಟ್ಟೆಗೆ ಬಂದ ಅಮಿಡಾ ಸಿಂಪ್ಯೂಟರ್ ಕೂಡ ಇಂಥದೇ ಅಂಗೈಗಣಕ. ಓದು ಬಾರದವರಿಗೂ ಗಣಕ ಒದಗಬೇಕೆಂಬುದು ಅದರ ಹಿಂದಿದ್ದ ಆಶಯ. ಆದರೆ ಹಳ್ಳಿಯವರು ಕೊಂಡದ್ದು ಗುಂಡಿಯೊತ್ತಿ ಮಾತನಾಡುವ ಸಾದಾ ಮೊಬೈಲನ್ನು. ಇದರಲ್ಲಿ ಆಶ್ಚರ್ಯವೇನಿಲ್ಲ, ಜನಕ್ಕೆ ಮೊದಲು ಬೇಕಾದುದು ಮಾತು.

ದೇವದುರ್ಗ, ಮಾನ್ವಿ ಕಡೆಯ ಒಣಭೂಮಿಯ ಊರುಗಳಲ್ಲಿ ಈ ಮಾತಿನ ಬೆಲೆ ಇನ್ನೂ ಹೆಚ್ಚು. ಹೊಲದ ಕೆಲಸ ತೀರಿತೆಂದರೆ ಮಗ ಸೊಸೆ ಬೆಂಗಳೂರಿನಂಥ ನಗರಗಳಿಗೆ ಗುಳೆ ಹೋಗುತ್ತಾರೆ. ಹೋಗುವಾಗ ಮಗ ತನ್ನ ಹಳೆಯ ಮೊಬೈಲನ್ನು ತಾಯಿಯ ಕೈಗಿಡುತ್ತಾನೆ. ತಿಂಗಳೊಳಗೆ ಆಕೆ ರಾಯಚೂರಿನ ಯಾವುದೋ ಅಂಗಡಿಯ ಮುಂದೆ ನಿಂತು, “ಫೋನು ಕೆಟ್ಟೈತ್ರಿ, ಮಗಂದು ಮಾತೇ ಬರವಲ್ದು” ಎನ್ನುತ್ತಾಳೆ. ಇಂಥ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ. ಎಷ್ಟೋ ವೇಳೆ ಕೆಟ್ಟದ್ದು ಏನೂ ಇರುವುದಿಲ್ಲ. ಪರದೆಯನ್ನು ಮೇಲಿನಿಂದ ಕೆಳಕ್ಕೆ ಸವರಿದರೆ ವಿಮಾನದ ಗುರುತೊಂದು ಕಾಣುತ್ತದೆ. ಬೆರಳು ತಗಲಿ ಅದು ಹೊತ್ತಿಕೊಂಡರೆ ಕರೆ ಬರುವ ದಾರಿಯೇ ಮುಚ್ಚಿತು. ಅತ್ತ ಮಗನಿಗೆ ಕೇಳುವುದು ‘ಸ್ವಿಚ್ ಆಫ್’ ಎಂಬ ನುಡಿ. ಆ ರಾತ್ರಿ ಅವನಿಗೆ ನಿದ್ದೆಯೆಲ್ಲಿಯದು? ಇನ್ನು ಕೆಲವೊಮ್ಮೆ ರೀಚಾರ್ಜಿನ ಅವಧಿ ತೀರಿರುತ್ತದೆ. ಹೊರಗಿನಿಂದ ಬರುವ ಕರೆಯೂ ನಿಂತಿರುತ್ತದೆ.

ಆದುದರಿಂದ ಕೈಗೆ ಕೊಡುವ ಮುನ್ನ ಅರ್ಧ ಗಂಟೆ ಕುಳಿತು ಯಂತ್ರವನ್ನು ಸಜ್ಜುಗೊಳಿಸಬೇಕು. ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ, ಗಂಟೆಯ ಸದ್ದನ್ನು ಪೂರ್ತಿ ಏರಿಸಿಡಿ. ಎರಡು ಸಿಮ್ ಇದ್ದಲ್ಲಿ ಕರೆ ಯಾವುದರಿಂದ ಹೋಗಬೇಕೆಂದು ನೀವೇ ಗೊತ್ತುಮಾಡಿಡಿ; ಪ್ರತಿ ಸಲವೂ ಕೇಳಿದರೆ ಮುದುಕರು ಕಂಗಾಲಾಗುತ್ತಾರೆ. ಮಗನ ಸಂಖ್ಯೆಯೊಡನೆ ಅವನ ಭಾವಚಿತ್ರವನ್ನೂ ಸೇರಿಸಿ. ಆಂಡ್ರಾಯ್ಡ್ ಮೊಬೈಲಾದರೆ ಮುಖಪರದೆಯ ಖಾಲಿ ಜಾಗವನ್ನು ಒತ್ತಿ ಹಿಡಿದಾಗ ‘ವಿಜೆಟ್’ ಎಂಬುದು ತೋರುತ್ತದೆ. ಸಾಮಾನ್ಯವಾಗಿ ನೇರ ಕರೆಯ ಚಿತ್ರವನ್ನು ಹೊರಗಿಡುವ ಅನುಕೂಲ ಅದರಲ್ಲಿರುತ್ತದೆ. ಬಳಿಕ ಅಕ್ಷರ ಬಾರದ ತಾಯಿ ಮಗನ ಮುಖವನ್ನು ಮುಟ್ಟಿದರೆ ಸಾಕು, ಕರೆ ಹೊರಡುತ್ತದೆ. ಸಿಂಪ್ಯೂಟರಿನ ಆಶಯ ಕೈಗೂಡಿದ್ದು ಇಲ್ಲಿ ಎಂದೇ ನನ್ನ ಎಣಿಕೆ.

ವಾಟ್ಸಪ್ಪಿನಲ್ಲಿಯೂ ಮಾತನಾಡಬಹುದೆಂದು ಮೊಮ್ಮಕ್ಕಳು ಹೇಳಿಕೊಡುತ್ತಾರೆ. ಸರಿಯೆ, ಅಂತರ್ಜಾಲ ಇರುವ ತನಕ. 108ರ ಆಂಬುಲೆನ್ಸಿಗಾಗಲಿ, 112ಕ್ಕಾಗಲಿ ಅದರಿಂದ ಕರೆ ಹೋಗದು. ಅಲ್ಲಿಗೆ ದೂರವಾಣಿಯ ಸಾದಾ ಕರೆಯೇ ಬೇಕು. ಬೀಗ ಹಾಕಿದ ಪರದೆಯ ಮೇಲೆಯೂ ತುರ್ತು ಕರೆಗೆ ಎಡೆಯಿದೆ. ಗುಪ್ತಸಂಖ್ಯೆ ತಿಳಿಯದ ನೆರೆಯವರೂ ಅದರಿಂದ 112ನ್ನು ಕರೆಯಬಹುದು. ಈ ಒಂದನ್ನು ತಾಯಿಗಷ್ಟೇ ಅಲ್ಲ, ಪಕ್ಕದ ಮನೆಯವರಿಗೂ ತೋರಿಸಿಕೊಡಿ.

ವಿದ್ಯುತ್ತು ಹೋಗಿ ಯಂತ್ರವೇ ಆರಿದ ದಿನಕ್ಕೆಂದು, ಮಗನ ಸಂಖ್ಯೆಯನ್ನು ಬಾಗಿಲ ಪಕ್ಕದ ಗೋಡೆಯ ಮೇಲೆ ದಪ್ಪ ಅಂಕಿಗಳಲ್ಲಿ ಬರೆದಿಡಿ. ಸುಣ್ಣ ಬಳಿಯುವಾಗ ಅದಷ್ಟನ್ನು ಬಿಟ್ಟು ಬಳಿಯಲು ಹೇಳಿ.