ಇದು ಯಾತರ ಬಾಟ್ಲಿ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ತಾಲ್ಲೂಕುಗಳಲ್ಲಿ ಹೆರಿಗೆ ಕಷ್ಟವಾದರೆ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತಾರೆ. ಹೊಸಪೇಟೆಗೋ ಬಳ್ಳಾರಿಗೋ ಇಲ್ಲವೇ ದಾವಣಗೆರೆಗೋ. 2021ರಲ್ಲಿ ಈ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಆದರೂ ಆಂಬುಲೆನ್ಸಿನ ದಾರಿ ಅಷ್ಟೇನೂ ಕಡಿಮೆಯಾಗಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಇಳಿದ ಬಸುರಿಗೆ ಗುರುತಿನ ಮುಖ ಒಂದೂ ಇಲ್ಲ. ಡಾಕ್ಟರು ನೋಡಿ ಹೋಗುತ್ತಾರೆ, ಇರುಳೆಲ್ಲ ಕೂಗಿಗೆ ಸಿಗುವವರು ಸಿಸ್ಟರ್ ಒಬ್ಬರೇ.

2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಡ್ರಿಪ್‌ನಲ್ಲಿ ಏರಿಸಿದ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ ಸಂಶಯ ಬಂತು. ಸರ್ಕಾರ ಅದನ್ನು ತಯಾರಿಸಿದ ಕಂಪನಿಯ ದ್ರಾವಣದ ಬಳಕೆ ನಿಲ್ಲಿಸಿತು. ಬಾಟ್ಲಿ ತಯಾರಾದದ್ದು ಎಲ್ಲೋ, ಖರೀದಿಗೆ ಸಹಿ ಹಾಕಿದವರು ಯಾರೋ. ಮನೆಯವರ ಕಣ್ಣಿಗೆ ಕಾಣುವುದು ಅದನ್ನು ನೇತುಹಾಕುವ ಕೈ ಮಾತ್ರ. ಆ ಕೈಯೂ ಬಾಟ್ಲಿಯನ್ನು ನಂಬಿತ್ತಲ್ಲವೇ?

ಇದಾದ ಮೇಲೆ ಹಳ್ಳಿಯ ಅಜ್ಜಿಯೊಬ್ಬಳು ಸೊಸೆಯ ಮಂಚದ ಪಕ್ಕ ನಿಂತು, “ಯಮ್ಮಾ, ಇದು ಯಾತರ ಬಾಟ್ಲಿ?” ಅಂದರೆ ಸಿಡುಕುವುದು ಸುಲಭ. ವಾರ್ಡಿನ ತುಂಬ ಜನ, ಡ್ಯೂಟಿಗೆ ಒಬ್ಬರೇ ಇದ್ದಾಗ ಯಾರ ಸಹನೆಯೂ ಬೆಳಗಿನವರೆಗೆ ಬರುವುದಿಲ್ಲ. ಆದರೂ, “ಬಾ ಅಜ್ಜಿ, ಇಲ್ಲಿ ಹೆಸರೈತಿ, ಇಲ್ಲಿ ತಾರೀಖೈತಿ” ಎಂದು ತೋರಿಸಲು ಅರೆನಿಮಿಷ ಸಾಕು. ತಾರೀಖು ಸರಿಯಿದ್ದ ಬಾಟ್ಲಿಯೂ ಕೆಟ್ಟಿರಬಹುದು, ನಿಜ. ಅಜ್ಜಿ ಓದಿ ಅದನ್ನು ಕಂಡುಹಿಡಿಯಲಾರಳು. ಆದರೆ ಒಮ್ಮೆ ಉತ್ತರ ಸಿಕ್ಕವಳು ಮತ್ತೆ ಬಾಯಿ ಬಿಡುತ್ತಾಳೆ. ಸರಿರಾತ್ರಿ ಸೊಸೆಗೆ ಚಳಿ ಹತ್ತಿ ನಡುಗಿದರೆ, ಮೂತ್ರ ಕಟ್ಟಿದರೆ, ಬೈಸಿಕೊಂಡೇನೆಂದು ಬೆಳಗಾಗುವವರೆಗೆ ಕಾಯುವುದಿಲ್ಲ. ಆಗಲೇ ಓಡಿ ಬರುತ್ತಾಳೆ. ಬಾಣಂತಿಯ ವಿಷಯದಲ್ಲಿ ಆ ಕೆಲವು ತಾಸುಗಳೇ ಜೀವ.

ನಮ್ಮ ಕಡೆ ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿ ಮಲಗಿದವರನ್ನು ಒಳ್ಳೆಯ ಪೇಷಂಟ್ ಎನ್ನುತ್ತೇವೆ. ನನಗೆ ಅದು ನಂಬಿಕೆಯಾಗಿ ಕಾಣುವುದಿಲ್ಲ, ಅಂಜಿಕೆ. ಕೊಟ್ಟೂರೇಶ್ವರನ ತೇರಿಗೆ ನಡೆದು ಬರುವವರು ಏನನ್ನೂ ಕೇಳದೆ ಕೈಮುಗಿಯಲಿ, ಆ ಭಕ್ತಿ ಅಲ್ಲಿಗೆ ಚೆಂದ. ವಾರ್ಡಿನಲ್ಲಿ ಕೇಳಲೇಬೇಕು.

ಕೇಳುವ ರೀತಿಯೂ ಮುಖ್ಯ. ಹತ್ತು ಜನ ಒಳನುಗ್ಗಿ ಮೊಬೈಲ್ ಹಿಡಿದು ಅಬ್ಬರಿಸಿದರೆ ಯಾವ ಸಿಸ್ಟರೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಇವತ್ತು ನಿಮ್ಮವರನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟಿದ್ದರೆ, ಮೊದಲು ಅಲ್ಲಿನ ಸಿಸ್ಟರ್ ಹೆಸರು ಕೇಳಿಕೊಳ್ಳಿ. ಆಮೇಲೆ ಬಾಟ್ಲಿ ಯಾತರದೆಂದು ಕೇಳಿ.